ಜಮಖಾನೆ ಹಾಸುವ ನೌಕರಿ

೧೨ ಆಗಸ್ಟ್ ೧೯೩೭, ಗುರುವಾರ. ಸೊಲ್ಲಾಪುರ

ಇವತ್ತು ಮನೆಗೆ ಶನಿ ಬಂದಿತು. ಟಾಂಗಾದಲ್ಲಿ ಕೂತು, ಗೋಣಿಚೀಲ ಹೊದ್ದುಕೊಂಡು ಬಂದಿತು. ಇಳಿಸಲು ನನ್ನ ಪೇಢಿಯಲ್ಲಿ ನೂಲಿನ ಮೂಟೆ ಹೊರುವ ಹಮಾಲರೇ ಬೇಕಾದರು. ಬಿಚ್ಚಿದರೆ ಒಂದು ರೇಡಿಯೋ. ಗಿರಣಿಯ ಯಾವನೋ ಗೋರಾ ಸಾಹೇಬ ವಿಲಾಯತಿಗೆ ಹೋಗುವಾಗ ಲಿಲಾವಿಗೆ ಹಾಕಿ ಮಾರಿದ ಕೆಟ್ಟ ಸಾಮಾನು. ಕೆಟ್ಟಿದ್ದರಿಂದ ಸಸ್ತಾ ಸಿಕ್ಕಿತು ಎಂದು ನನ್ನ ಅಳಿಯ ಹೆಮ್ಮೆಯಿಂದ ಹೇಳಿದ. ನೂಲಿನ ವ್ಯಾಪಾರ ಕಲಿಯಲಿ ಎಂದು ವರ್ಷಗಟ್ಟಲೆ ಮನೆಯಲ್ಲಿಟ್ಟುಕೊಂಡಿದ್ದೇನೆ. ಕೆಟ್ಟ ಮಾಲು ಎಂದೂ ಸಸ್ತಾ ಅಲ್ಲ ಎಂಬ ಮೊದಲನೆಯ ಪಾಠವೇ ಅವನಿಗೆ ಹತ್ತಿಲ್ಲ.

ಈ ವಹಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಗುಮಾಸ್ತನಿಗೆ ಮರಾಠಿ ಬರುತ್ತದೆ, ಮೋಡಿ ಲಿಪಿ ಬರುತ್ತದೆ, ಪರರ ಕಾಗದ ಓದುವ ಚಟವೂ ಇದೆ. ಕನ್ನಡ ಮಾತ್ರ ಓದಲಾರ. ಶಾಂತಲಿಂಗಪ್ಪ ಶೇಟಜಿ ಎಂಬ ನನ್ನ ಮನೆಯೊಳಗಿನ ಹುಚ್ಚು ಮಂಗಳವಾರ ಪೇಟೆಗೆಲ್ಲ ಗೊತ್ತಾಗುವುದು ಬೇಡ.

ಈ ಅಳಿಯ ಕಲ್ಲಣ್ಣ ತಡವಳದ ನನ್ನ ಅಕ್ಕ ದ್ರೌಪದಿಯ ಮಗ. ನನ್ನ ಮಗಳು ಲೀಲಾ ತೊಟ್ಟಿಲಲ್ಲಿದ್ದಾಗಲೇ ಅಕ್ಕ ಅಕ್ಕಲಕೋಟೆಯಿಂದ ಬೆಳ್ಳಿಯ ಬಳೆ ತಂದು ತೊಡಿಸಿ, ಇದು ನಮ್ಮ ಮನೆಯ ಕೂಸು ಎಂದು ಹೇಳಿ ಹೋಗಿದ್ದಾಳೆ. ನನಗೆ ಗಂಡು ಸಂತಾನವಿಲ್ಲ. ಅಕ್ಕನ ಮಗನಿಗೆ ಮಗಳು, ಮಗಳ ಬೆನ್ನಿಗೆ ಪೇಢಿ. ಇದಕ್ಕಿಂತ ನೆಟ್ಟಗಿನ ಲೆಕ್ಕ ಯಾವ ಮನೆಯಲ್ಲಿದೆ? ಆದರೆ ಈ ಮಹಾಶಯ ಪುಣೆಯ ಕಾಲೇಜಿನಲ್ಲಿ ಒಂದು ವರ್ಷ ಕೂತು ಎದ್ದು ಬಂದಾಗಿನಿಂದ ತಂತಿ, ಬಟಲಿ, ಸುರುಳಿ ಎಂದು ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುತ್ತಿದ್ದಾನೆ. ಊಟಕ್ಕೆ ಕೂತಾಗ ಇವತ್ತು ಬಾಯಿಬಿಟ್ಟ.

“ಮಾಮಾ, ನಾ ಪೇಢಿ ಮ್ಯಾಲ ಕೂಡಂಗಿಲ್ರಿ. ಮುಂಬೈ ರೇಡಿಯೋದಾಗ ಇಂಜಿನಿಯರ್ ಆಗ್ತೀನ್ರಿ.”

ನಾನೂ ವ್ಯಾಪಾರಿಯಂತೆ ಕರಾರು ಹೇಳಿದೆ. ಬಸವ ಜಯಂತಿಯವರೆಗೆ ಅವಧಿ. ಅಷ್ಟರೊಳಗೆ ಮುಂಬೈ ಕರೆಯದಿದ್ದರೆ ಈ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ ಪೇಢಿಯ ಗಾದಿಯ ಮೇಲೆ ಕೂತು ಲೀಲಾಳ ಕೈ ಹಿಡಿಯಬೇಕು. ಕರೆದರೆ ಹೋಗಲಿ, ಒಬ್ಬನೇ ಹೋಗಲಿ. ತಂತಿ ತಿರುವುವವನಿಗೆ ನನ್ನ ಮಗಳಿಲ್ಲ. ಅವನು ಆತ್ರಿ ಎಂದ. ಅಡಿಗೆಮನೆಯಲ್ಲಿ ಲೀಲಾ ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು.

೧೬ ಆಗಸ್ಟ್, ಸೋಮವಾರ

ಶ್ರಾವಣ ಸೋಮವಾರ. ಊರೆಲ್ಲ ಸಿದ್ಧರಾಮೇಶ್ವರನ ಗುಡಿಗೆ ಹೋಯಿತು. ನನ್ನ ಅಳಿಯ ಹಿತ್ತಲಲ್ಲಿ ಎದೆಮಟ್ಟ ಕುಣಿ ತೋಡಿದ.

ರೇಡಿಯೋಕ್ಕೆ ಆಕಾಶದ ಕಡೆಗೊಂದು ತಂತಿ, ನೆಲದ ಕಡೆಗೊಂದು ತಂತಿ ಬೇಕಂತೆ. ಮಾಳಿಗೆಯ ಮೇಲೆ ಎರಡು ಬಿದಿರು ನೆಟ್ಟು ಒಂದನ್ನು ಕಟ್ಟಿಯಾಗಿದೆ. ಅರಿವೆ ಒಣಹಾಕುವ ಹಗ್ಗ ಎಂದು ತಿಳಿದು ನನ್ನ ಹೆಂಡತಿ ಉಮಾಬಾಯಿ ಅದರ ಮೇಲೆ ಸೀರೆ ಹಾಕಿ ಬೈಸಿಕೊಂಡಳು. ಇನ್ನೊಂದು ತಂತಿಯನ್ನು ತಾಮ್ರದ ತಗಡಿಗೆ ಬೆಸೆದು, ತಗಡನ್ನು ಕುಣಿಯಲ್ಲಿಟ್ಟು, ಸುತ್ತಲೂ ಇದ್ದಿಲು ಮತ್ತು ಉಪ್ಪು ತುಂಬಿದ. ಚೀಲಗಟ್ಟಲೆ ಉಪ್ಪು. ನಮ್ಮ ಜನರಲ್ಲಿ ಕುಣಿ ತೋಡಿ ಉಪ್ಪು ಹಾಕುವುದು ಯಾವಾಗ ಎಂಬುದು ಎಲ್ಲರಿಗೂ ಗೊತ್ತು. ಓಣಿಯ ನಾಲ್ಕು ಜನ ಬಂದು, ಯಾರು ಲಿಂಗೈಕ್ಯರಾದರು ಎಂದು ಮೆಲ್ಲಗೆ ವಿಚಾರಿಸಿಕೊಂಡು ಹೋದರು. ನಮ್ಮ ಅಳಿಯನ ಬುದ್ಧಿ ಎಂದು ಹೇಳಬೇಕೆಂದಿದ್ದೆ.

ಅವನ ಇಂಗ್ಲಿಷ್ ಪುಸ್ತಕದಲ್ಲಿ, ಒಣ ನಾಡಿನಲ್ಲಿ ಈ ಜಾಗಕ್ಕೆ ನೀರು ಹಾಕುತ್ತಿರಬೇಕು ಎಂದು ಬರೆದಿದೆಯಂತೆ. ತಾನೇ ಓದಿ ಹೇಳಿ ತಾನೇ ನಕ್ಕ. ತಾನು ತುಂಬಿದ ಇದ್ದಿಲು-ಉಪ್ಪು ವರ್ಷಪೂರ್ತಿ ಹಸಿ ಹಿಡಿಯುತ್ತದೆ, ತನ್ನ ನೆಲಕ್ಕೆ ನೀರು ಬೇಕಿಲ್ಲ ಎಂದ. ಕಾಲೇಜು ಬಿಟ್ಟವರಿಗೆ ಪುಸ್ತಕಕ್ಕಿಂತ ಹೆಚ್ಚು ಗೊತ್ತಿರುತ್ತದೆ. ಯಾರೂ ತುಳಿಯಬಾರದೆಂದು ಸುತ್ತಲೂ ನಾಲ್ಕು ಕಲ್ಲು ನಿಲ್ಲಿಸಿದ.

ಇದರಲ್ಲಿ ಇನ್ನೊಂದು ತಮಾಷೆ. ನನ್ನ ಅವ್ವ ಗುರುಲಿಂಗಮ್ಮನಿಗೆ ಕಣ್ಣು ಮಂದ. ಲಿಂಗಪೂಜೆಯ ನೀರನ್ನು ಕಾಲು ತಾಗದ ಜಾಗದಲ್ಲಿ ಚೆಲ್ಲಬೇಕಲ್ಲ, ದಿನಾಲು ಮಲ್ಲಿಗೆಯ ಬುಡಕ್ಕೆ ಹಾಕುತ್ತಿದ್ದಳು. ಇವತ್ತು ಸಂಜೆಯ ಪೂಜೆ ಮುಗಿಸಿ ಬಂದವಳು ನಾಲ್ಕು ಕಲ್ಲು ಕಂಡು, ಇದು ತನಗಾಗಿಯೇ ಮಾಡಿದ ಜಾಗ ಎಂದುಕೊಂಡು ತಂಬಿಗೆಯನ್ನು ಅಲ್ಲಿ ಬೋರಲು ಹಾಕಿದಳು. ಬರಿಯ ತಂಬಿಗೆಯಲ್ಲ, ಪೂಜೆಯ ಪಾತ್ರೆ ತೊಳೆದ ಕೊಡವನ್ನೂ ತಂದು ಸುರಿದಳು. ಮೊಮ್ಮಗ ಭಾಳ ಶ್ಯಾಣ್ಯಾ ಎಂದು ಹೊಗಳಿದಳು. ಒಬ್ಬ ಹುಚ್ಚನ ಕೆಲಸವನ್ನು ಇನ್ನೊಬ್ಬರೂ ಮೆಚ್ಚುವ ಮನೆಯಲ್ಲಿ ನಾನು ಯಾರಿಗೆ ತಿಳಿಸಿ ಹೇಳಲಿ? ಕಲ್ಲಣ್ಣ ಆಗ ಮನೆಯಲ್ಲಿರಲಿಲ್ಲ, ಬಂದ ಮೇಲೆ ಅವನಿಗೂ ಹೇಳಲಿಲ್ಲ.

೫ ಸೆಪ್ಟೆಂಬರ್, ರವಿವಾರ

ಪೆಟ್ಟಿಗೆ ಬಾಯಿಬಿಟ್ಟಿದೆ. ಮುಂಬೈಯಲ್ಲಿ ಯಾರೋ ಹಾಡಿದರು, ಮಂಗಳವಾರ ಪೇಟೆಯಲ್ಲಿ ಉಮಾಬಾಯಿ ಕಣ್ಣೊರೆಸಿಕೊಂಡಳು. ಅಷ್ಟು ದೂರದ ಹಾಡಿಗೆ ಅಳುವವಳು ಪಕ್ಕದಲ್ಲಿ ಕೂತ ಗಂಡನ ಕೆಮ್ಮಿಗೆ ಕಷಾಯ ಮಾಡಿಕೊಡಲಿಲ್ಲ.

ಕಲ್ಲಣ್ಣ ನಮ್ಮನ್ನು ಹಾಡಿಗಿಂತ ಬಹಳ ಮೊದಲೇ ಕೂಡಿಸಿದ್ದ. ಆಗ ಪೆಟ್ಟಿಗೆಯಿಂದ ಮೊರದಲ್ಲಿ ಜೋಳ ಹಸನು ಮಾಡುವ ಹಾಗೆ ಬರೀ ಸರ್ ಎಂಬ ಸಪ್ಪಳ. ಅವನು ಬೆರಳೆತ್ತಿ, ಈಗ ಲಕ್ಷ್ಯ ಕೊಟ್ಟು ಕೇಳಿರಿ ಎಂದ. ಸಪ್ಪಳ ಒಮ್ಮೆಲೆ ತಗ್ಗುತ್ತದಂತೆ. ಮುಂಬೈಯ ಯಂತ್ರದವರು ಮಾತಿಲ್ಲದ ಬರಿಯ ಅಲೆಯನ್ನು ಮೊದಲು ಬಿಡುತ್ತಾರಂತೆ. ಆಮೇಲೆ ಅದರ ಮೇಲೆ ಮಾತು, ಹಾಡು. ಕೇಳಿತಾ ಎಂದ. ನನಗೆ ಏನೂ ಕೇಳಲಿಲ್ಲ. ಲೀಲಾ ತನಗೆ ಕೇಳಿತು ಎಂದಳು. ಹದಿನೇಳು ವರ್ಷದ ಹುಡುಗಿಗೆ ಕಲ್ಲಣ್ಣ ಹೇಳಿದ್ದೆಲ್ಲ ಕೇಳುತ್ತದೆ.

ಹಾಗಾದರೆ ನೀನು ಅಲ್ಲಿ ಹೋಗಿ ಹಾಡುವವನೋ, ಮಾತಾಡುವವನೋ ಎಂದು ಕೇಳಿದೆ.

“ನಾ ಏನೂ ಅನ್ನಂಗಿಲ್ರಿ ಮಾಮಾ. ಅನ್ನಾವ್ರು ಬ್ಯಾರೇನ ಇರ್ತಾರ. ಅವರು ಬಾಯಿ ತಗಿಯೂಕಿಂತ ಮೊದ್ಲ ಆ ಅಲಿ ಎಬ್ಬಿಸಿ, ಅದು ಅಳ್ಳಾಡಧಂಗ ಹಿಡಿಯೂದು ನನ್ನ ಕೆಲ್ಸ.”

ಎಂದರೆ ಲಗ್ನದಲ್ಲಿ ಜಮಖಾನೆ ಹಾಸುವವನ ಕೆಲಸ. ಬೀಗರು ಬಂದು ಕೂಡುತ್ತಾರೆ, ಗವಾಯಿ ಬಂದು ಹಾಡುತ್ತಾನೆ, ಜಮಖಾನೆ ಹಾಸಿದವನ ಹೆಸರನ್ನು ಯಾರು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಾರೆ? ಇಷ್ಟನ್ನೂ ಅವನ ಮುಖದ ಮೇಲೆಯೇ ಹೇಳಿದೆ. ಉಮಾಬಾಯಿ ನಕ್ಕಳು. ಅವನೂ ನಕ್ಕ. ಅವನಿಗೆ ಅವಮಾನವಾಗಬೇಕಿತ್ತು.

೧೫ ಅಕ್ಟೋಬರ್, ಶುಕ್ರವಾರ

ದಸರೆಯ ಮರುದಿನ. ಬನ್ನಿ ಕೊಡಲು ಬಂದವರೆಲ್ಲ ಒಂದೇ ಮಾತು ಕೇಳಿದರು. ನಿಮ್ಮ ಅಳಿಯ ಬ್ಯಾಟರಿ ಹೊತ್ತುಕೊಂಡು ಹೋಗುತ್ತಿದ್ದನಲ್ಲ?

ಹೌದು. ರೇಡಿಯೋದ ಬ್ಯಾಟರಿಗೆ ಕೆಲವು ದಿನಕ್ಕೊಮ್ಮೆ ಹಸಿವೆಯಾಗುತ್ತದೆ. ಅದನ್ನು ಹೊತ್ತು ಮೋಟಾರು ಗ್ಯಾರೇಜಿಗೆ ಹೋಗಿ ಕರೆಂಟು ತುಂಬಿಸಿಕೊಂಡು ಬರಬೇಕು. ಹಮಾಲರು ಇರುವ ಮನೆಯ ಹುಡುಗ, ನಡುಬಜಾರಿನಲ್ಲಿ, ಹೆಗಲ ಮೇಲೆ! ಅದರ ಆ್ಯಸಿಡ್ಡು ತಾಗಿ ಅವನ ಧೋತರವೆಲ್ಲ ಜರಡಿಯಾಗಿದೆ. ದಸರೆಗೆ ಕೊಡಿಸಿದ ಹೊಸ ಜೋಡಿಯಲ್ಲೂ ಆಗಲೇ ತೂತು. ನೂಲು ಮಾರುವವನ ಅಳಿಯ ತೂತು ಧೋತರ ಉಟ್ಟು ತಿರುಗಿದರೆ ಗಿರಾಕಿಗಳು ನನ್ನ ನೂಲಿನ ಬಗ್ಗೆ ಏನು ತಿಳಿದಾರು?

ಸಂಜೆಯ ಹೊತ್ತು ಟಾಕೀಸಿಗೆ ಹೋಗುತ್ತಾನೆ. ಸಿನೆಮಾ ನೋಡಲಿಕ್ಕಲ್ಲ, ಅಷ್ಟು ಶ್ಯಾಣ್ಯಾತನವೂ ಇಲ್ಲ. ಹಿಂದಿನ ಕೋಣೆಯಲ್ಲಿ ಧ್ವನಿಯ ಯಂತ್ರ ನೋಡಿಕೊಳ್ಳುವವನ ಕೈಕೆಳಗೆ ಪುಕ್ಕಟೆ ದುಡಿಯುತ್ತಾನೆ. ರೇಡಿಯೋದ ಕೆಲಸಕ್ಕೆ ಹೀಗೆಯೇ ಹಾದಿಯಂತೆ. ಸಾಲಿ ಇಲ್ಲ, ಗುರು ಇಲ್ಲ, ಎಲ್ಲಿ ತಂತಿ ಕಂಡರೆ ಅಲ್ಲಿ ಕೈ ಹಾಕಿ ಕಲಿಯಬೇಕು. ಆಳಾಗಿ ದುಡಿ, ಅರಸಾಗಿ ಉಣ್ಣು ಎಂದು ಹಿರಿಯರು ಹೇಳಿದ್ದಾರೆ. ಇವನು ಆಳಾಗಿ ದುಡಿದು ಮತ್ತೆ ಆಳಾಗಲಿಕ್ಕೇ ಮುಂಬೈಗೆ ಹೊರಟಿದ್ದಾನೆ.

ವಾರಕ್ಕೊಮ್ಮೆ ಮುಂಬೈಗೆ ವರದಿ ಬೇರೆ ಬರೆಯುತ್ತಾನೆ. ಯಾವ ದಿನ, ಯಾವ ಹೊತ್ತು, ಎಷ್ಟು ಸ್ಪಷ್ಟ ಕೇಳಿತು. ಲೀಲಾ ಪಕ್ಕದಲ್ಲಿ ಕೂತು ಗಡಿಯಾರ ನೋಡಿ ಹೇಳುತ್ತಾಳೆ. ಮನೆಯ ಗಡಿಯಾರಕ್ಕೂ ಕೆಲಸ ಹಚ್ಚಿದ್ದಾರೆ.

೯ ಡಿಸೆಂಬರ್, ಗುರುವಾರ

ಮುಂಬೈಯಲ್ಲಿ ಹತ್ತಿಯ ಧಾರಣೆ ಇಳಿದಿದೆ. ಪೇಢಿಗೆ ಟೆಲಿಗ್ರಾಮಿನ ತಾರು ಬರುವುದಕ್ಕಿಂತ ಮೊದಲೇ ಗೊತ್ತಾಯಿತು, ಪೆಟ್ಟಿಗೆ ಹೇಳಿತು. ನಾನು ಕೇಳುತ್ತಿರಲಿಲ್ಲ, ಕಿವಿಯ ಮೇಲೆ ಬಿತ್ತು. ನಡುಮನೆಯಲ್ಲಿ ಗಾಳಿ ಚೆನ್ನಾಗಿ ಬರುತ್ತದೆಂದು ನನ್ನ ಕುರ್ಚಿಯನ್ನು ಅಲ್ಲಿಗೆ ಹಾಕಿಸಿಕೊಂಡಿದ್ದೇನೆ. ಡಿಸೆಂಬರಿನಲ್ಲಿ ಯಾವ ಗಾಳಿ ಎಂದು ಉಮಾಬಾಯಿ ಕೇಳಿದಳು. ಆಕೆಗೆ ಎಲ್ಲದಕ್ಕೂ ಪ್ರಶ್ನೆ.

೨೦ ಫೆಬ್ರವರಿ ೧೯೩೮, ರವಿವಾರ

ಮುಂಬೈಯಿಂದ ಕಾಗದ ಬಂದಿತು. ನಾನು ಓದಿಸಿಕೊಂಡು ಕೇಳಿ ಬಹಳ ದಿನಗಳ ಮೇಲೆ ಮನಸಾರೆ ನಕ್ಕೆ.

ರೇಡಿಯೋದ ಇಂಜಿನಿಯರನೊಬ್ಬ ಬರೆದಿದ್ದಾನೆ. ಸೊಲ್ಲಾಪುರದಂಥ ಊರಿನಲ್ಲಿ, ಅದೂ ನೆಲ ಒಣಗಿದ ದಿನಗಳಲ್ಲಿ, ಇಷ್ಟು ಚೊಕ್ಕಟ ಕೇಳುತ್ತದೆಂದು ಬೇರೆ ಯಾರೂ ಬರೆದಿಲ್ಲ, ತನಗೆ ನಂಬಿಕೆ ಬರುತ್ತಿಲ್ಲ. ಏಪ್ರಿಲ್‌ನಲ್ಲಿ ಈ ಕಡೆಯ ಊರುಗಳಲ್ಲಿ ರೇಡಿಯೋ ಹೇಗೆ ಕೇಳುತ್ತದೆ ಎಂದು ತಪಾಸಣೆ ಮಾಡುತ್ತ ಬರುವವನಿದ್ದಾನೆ, ಆಗ ಬಂದು ಸ್ವತಃ ಕೇಳುತ್ತಾನೆ. ವರದಿ ಖರೆಯಿದ್ದರೆ ಯಂತ್ರದ ಮನೆಯಲ್ಲಿ ಒಂದು ಜಾಗಕ್ಕೆ ಕಲ್ಲಣ್ಣನ ಹೆಸರು ಹೇಳುತ್ತಾನೆ. ಸುಳ್ಳಿದ್ದರೆ ಇನ್ನು ಮೇಲೆ ಬರೆಯುವ ತಸದಿ ತೆಗೆದುಕೊಳ್ಳುವುದು ಬೇಡ.

ಕಲ್ಲಣ್ಣ ಕುಣಿದಾಡಿದ. ಕೂಸು ಹುಟ್ಟುವುದಕ್ಕೆ ಮೊದಲೇ ಕುಲಾವಿ. ನಾನಂತೂ ಪೂರಾ ನಿಶ್ಚಿಂತನಾಗಿದ್ದೇನೆ. ಸೋಲ್ಡರಿನ ವಾಸನೆ ಹೊಡೆಯುವ ಹುಡುಗನನ್ನು ಮುಂಬೈ ಸಾಹೇಬರು ಕರೆದೊಯ್ಯುವುದಿಲ್ಲ. ಬಸವ ಜಯಂತಿಯ ಮೇಲಿನ ಮುಹೂರ್ತ ನೋಡಿಡಲು ಅಯ್ಯನವರಿಗೆ ಹೇಳಿ ಕಳಿಸಿದೆ.

೨೪ ಮಾರ್ಚ್, ಗುರುವಾರ

ಅವ್ವ ತಡವಳಕ್ಕೆ ಹೋದಳು. ಅಕ್ಕನ ಇನ್ನೊಬ್ಬ ಮಗನ ಹೆಂಡತಿಗೆ ಹೆರಿಗೆಯಾಗಿದೆ, ಬಾಣಂತನಕ್ಕೆ ಹಿರಿಯರೊಬ್ಬರು ಇರಬೇಕಂತೆ. ಕಣ್ಣು ಕಾಣದ ಮುದುಕಿ ಅಲ್ಲಿ ಏನು ಮಾಡುತ್ತಾಳೆ? ಆದರೂ ಹೋದಳು. ಬಿಸಿಲಿಗೆ ಹಿತ್ತಲಿನ ಕರಿನೆಲ ಬಿರುಕು ಬಿಟ್ಟು ಕೈ ಹಿಡಿಯುವಷ್ಟು ಸಂದು ಬಿದ್ದಿದೆ. ನನ್ನ ಪೂಜೆಯ ನೀರು, ಅವ್ವನ ದೇವರ ಜಗಲಿಯ ನೀರು ಎರಡನ್ನೂ ಈಗ ನಾನೇ ಚೆಲ್ಲಬೇಕು. ಮಲ್ಲಿಗೆ ಬಾಗಿಲ ಹತ್ತಿರವೇ ಇದೆ, ಅದರ ಬುಡಕ್ಕೇ ಹಾಕುತ್ತೇನೆ. ಅವ್ವನ ಹಾಗೆ ದಿನಾಲು ಆ ನಾಲ್ಕು ಕಲ್ಲಿನವರೆಗೆ ಬಿಸಿಲಲ್ಲಿ ಯಾರು ಹೋಗುತ್ತಾರೆ!

೧೨ ಏಪ್ರಿಲ್, ಮಂಗಳವಾರ

ಪೆಟ್ಟಿಗೆಗೆ ಗಂಟಲು ಕಟ್ಟಿದೆ. ನಾಲ್ಕು ದಿನದಿಂದ ಗರಗರ ಸಪ್ಪಳದೊಳಗೆ ಎಲ್ಲೋ ಬಾವಿಯ ತಳದಲ್ಲಿ ಯಾರೋ ಮಾತಾಡಿದ ಹಾಗೆ ಕೇಳುತ್ತದೆ. ಹತ್ತಿಯ ಧಾರಣೆ ತಿಳಿಯಲಿಲ್ಲ. ಕಲ್ಲಣ್ಣ ಒಳಗಿನ ಗಾಜಿನ ಬಟಲಿಗಳನ್ನು ಬದಲಿಸಿದ, ಬ್ಯಾಟರಿ ತುಂಬಿಸಿ ತಂದ, ಮಾಳಿಗೆಯ ತಂತಿ ಇಳಿಸಿ ಉಜ್ಜಿ ಮತ್ತೆ ಏರಿಸಿದ. ಮುಂಬೈಯವನು ಬರುವುದು ಬರುವ ರವಿವಾರ.

೧೪ ಏಪ್ರಿಲ್, ಗುರುವಾರ

ಇವತ್ತು ಮಧ್ಯಾಹ್ನ ಪೂಜೆಯ ತಂಬಿಗೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಾಗ ನನಗೆ ಎಲ್ಲ ತಿಳಿಯಿತು. ಮಲ್ಲಿಗೆಯ ಬುಡ ಹಸಿಯಾಗಿತ್ತು. ನಾಲ್ಕು ಕಲ್ಲಿನ ನಡುವಿನ ನೆಲ ಹಂಚಿನ ಹಾಗೆ ಬಿರಿದಿತ್ತು. ಶ್ರಾವಣದಿಂದ ಹೋಳಿಯವರೆಗೆ ಆ ಪೆಟ್ಟಿಗೆಯನ್ನು ಮಾತಾಡಿಸಿದ್ದು ಇದ್ದಿಲೂ ಅಲ್ಲ, ಉಪ್ಪೂ ಅಲ್ಲ, ಅವ್ವನ ಪೂಜೆಯ ನೀರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ಹಿತ್ತಲ ಅವ್ವನೂ ಅಲ್ಲ.

ಆ ಹುಡುಗ ಎಲ್ಲವನ್ನೂ ಬಿಚ್ಚಿ ನೋಡಿದ್ದಾನೆ, ತಾನು ಜಂಬ ಕೊಚ್ಚಿದ ಜಾಗವೊಂದನ್ನು ಬಿಟ್ಟು.

ನಾನು ಏನೂ ಮಾಡಬೇಕಾಗಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ರವಿವಾರ ಸಾಹೇಬ ಬರುತ್ತಾನೆ, ಗರಗರ ಕೇಳುತ್ತಾನೆ, ಹೋಗುತ್ತಾನೆ. ಅಳಿಯ ನನ್ನವನು, ಮಗಳು ಊರಲ್ಲೇ, ಪೇಢಿಗೆ ವಾರಸ. ಏನೂ ಮಾಡದೆ ಗೆಲ್ಲುವ ವ್ಯಾಪಾರ ಆಯುಷ್ಯದಲ್ಲಿ ಒಮ್ಮೆ ಸಿಗುತ್ತದೆ. ನೀರನ್ನು ಮಲ್ಲಿಗೆಗೆ ಹಾಕಿ ಬಂದೆ.

೧೫ ಏಪ್ರಿಲ್, ಶುಕ್ರವಾರ

ಕಲ್ಲಣ್ಣ ಬೆಳಿಗ್ಗೆಯೇ ಪೇಢಿಗೆ ಬಂದು ಗಾದಿಯ ಮೇಲೆ ಕೂತ. ಕರೆದಿರಲಿಲ್ಲ. ನೂಲು ತೂಗಿದ, ದರ ಸರಿಯಾಗಿ ಹೇಳಿದ, ಪದ್ಮಸಾಲಿ ನೇಕಾರ ಗಿರಾಕಿಗಳ ಜೊತೆ ತೆಲುಗಿನಲ್ಲಿ ನಾಲ್ಕು ಮಾತಾಡಿದ. ಇಷ್ಟೆಲ್ಲ ಅವನಿಗೆ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಒಂದು ತಪ್ಪು ಹುಡುಕಬೇಕೆಂದು ಕೂತಿದ್ದೆ, ಸಿಗಲಿಲ್ಲ. ಎಷ್ಟು ವರ್ಷದಿಂದ ಬೇಡಿಕೊಂಡಿದ್ದೆನೋ ಹಾಗೆಯೇ ಕೂತಿದ್ದ.

ನೋಡಲಿಕ್ಕೆ ಮಾತ್ರ ಬಿಡಾರ ಎತ್ತಿ ಹೋದ ಮನೆಯ ಹಾಗೆ ಕಾಣುತ್ತಿದ್ದ. ಸಂಜೆ ಬಾಗಿಲು ಹಾಕುವಾಗ ಒಂದೇ ಮಾತು ಹೇಳಿದ.

“ಸುಳ್ಳ ಬರದಾನ ಅಂತಾರ್ರಿ ಮಾಮಾ. ನೌಕರಿ ಹೋದ್ರ ಹೋಗ್ಲಿ. ನಾ ಒಂದ ಅಕ್ಷರನೂ ಸುಳ್ಳ ಬರದಿಲ್ರಿ.”

ಅಂಥ ಮುಖ ಹೊತ್ತು ಗಾದಿಯ ಮೇಲೆ ಕೂತರೆ ನನ್ನ ಪೇಢಿಗೆ ಗಿರಾಕಿ ಬರುವುದಿಲ್ಲ. ಅದೂ ಒಂದು ಲುಕ್ಸಾನೇ.

೧೬ ಏಪ್ರಿಲ್, ಶನಿವಾರ

ಪದ್ಧತಿ ಎಂದರೆ ಪದ್ಧತಿ. ಅವ್ವ ಪೂಜೆಯ ನೀರು ಚೆಲ್ಲುತ್ತಿದ್ದುದು ನಾಲ್ಕು ಕಲ್ಲಿನ ನಡುವೆ. ಆಕೆ ಇಲ್ಲದಾಗ ಮಗ ಬೇರೆ ಕಡೆ ಹಾಕಿದರೆ ಅದು ಆಕೆಗೆ ಮಾಡುವ ಅಪಚಾರ. ಈ ವಿಚಾರ ನನಗೆ ಇವತ್ತು ಬೆಳಗಿನ ಜಾವ ಹೊಳೆಯಿತು. ಕಲ್ಲಣ್ಣ ಸಾಹೇಬನ ಗಾಡಿಯ ವೇಳೆ ಕೇಳಲು ಸ್ಟೇಷನ್ನಿಗೆ ಹೋಗಿದ್ದ. ನಾನು ತಂಬಿಗೆ ಒಯ್ದು ಹಾಕಿದೆ. ಬಿರುಕಿನೊಳಗೆ ಸುಂಯ್ ಎಂದು ಹೋಯಿತು, ನೆಲದ ಬಣ್ಣವೂ ಬದಲಾಗಲಿಲ್ಲ. ಬಾವಿಯಿಂದ ಒಂದು ಕೊಡ ಸೇದಿದೆ. ಮತ್ತೊಂದು. ಆಮೇಲೆ ಎಣಿಸಲಿಲ್ಲ. ಆಳಿಗೆ ಹೇಳಬಹುದಿತ್ತು. ಆದರೆ ಪೂಜೆಯ ನೀರನ್ನು ಆಳಿನ ಕೈಯಿಂದ ಹಾಕಿಸುವುದುಂಟೆ?

ಹಿಂದಿರುಗಿ ನೋಡಿದರೆ ಉಮಾಬಾಯಿ ಮೊರ ಹಿಡಿದು ನಿಂತಿದ್ದಾಳೆ.

“ಇಷ್ಟ ದೊಡ್ಡ ಪೂಜಿ ಯಾವ ದೇವರ್ದು ನಡಸೀರಿ?”

ಎಲ್ಲದಕ್ಕೂ ಪ್ರಶ್ನೆ. ಸೊಂಟ ಹಿಡಿದುಕೊಂಡಿದೆ. ಎಣ್ಣೆ ತಿಕ್ಕಿಸಿಕೊಂಡು ಮಲಗುತ್ತೇನೆ.

೧೭ ಏಪ್ರಿಲ್, ರವಿವಾರ

ಇಂಜಿನಿಯರ್ ಬಂದು ಹೋದ. ಪಾರಸಿ. ನನಗಿಂತ ಹಿರಿಯ, ಕಿವಿಯ ಮೇಲೆಲ್ಲ ಕೂದಲು. ಇಡೀ ಮುಂಬೈಯ ಧ್ವನಿ ಆ ಕಿವಿಯ ಕಾವಲಿನಲ್ಲಿದೆ ಎಂದರೆ ನಂಬುವುದು ಕಷ್ಟ. ಶರಬತ್ತು ಕುಡಿಯಲಿಲ್ಲ, ಕುರ್ಚಿಯಲ್ಲಿ ಕೂಡಲಿಲ್ಲ, ನೇರವಾಗಿ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತ. ತನ್ನದೂ ಒಂದು ಯಂತ್ರ ತಂದಿದ್ದ.

ಸಂಜೆಯ ಕಾರ್ಯಕ್ರಮ ಗಂಟೆ ಬಾರಿಸಿದ ಹಾಗೆ ಕೇಳಿತು. ಕಲ್ಲಣ್ಣ ಪೆಟ್ಟಿಗೆಯನ್ನು ನೋಡಿದ, ಆಮೇಲೆ ಮಾಳಿಗೆಯ ಕಡೆ ನೋಡಿದ, ಅವನಿಗೆ ತಿಳಿಯಲಿಲ್ಲ. ಪಾರಸಿ ತನ್ನ ಯಂತ್ರದ ಮುಳ್ಳು ನೋಡಿ ಹುಬ್ಬೇರಿಸಿ, ನೆಲದ ತಂತಿ ಎಲ್ಲಿದೆ ಎಂದು ತನ್ನ ಅರೆಬರೆ ಮರಾಠಿಯಲ್ಲಿ ಕೇಳಿದ. ಎಲ್ಲರೂ ಹಿತ್ತಲಿಗೆ ಹೋದೆವು. ನಾಲ್ಕು ಕಲ್ಲಿನ ನಡುವೆ ಬೆರಳಿಟ್ಟು ನೋಡಿದ. ಕೆಸರು. ಭೇಷ್, ಈ ಬಿಸಿಲಲ್ಲೂ ನೆಲಕ್ಕೆ ನೀರು ಕುಡಿಸಿದ್ದೀಯಲ್ಲ, ಇಷ್ಟನ್ನು ನಮ್ಮ ಕಡೆಯ ಪದವೀಧರರೂ ಮಾಡುವುದಿಲ್ಲ ಎಂದು ಕಲ್ಲಣ್ಣನ ಬೆನ್ನು ತಟ್ಟಿದ.

ಹೌದ್ರಿ ಸಾಹೇಬ ಎಂದಿದ್ದರೆ ಮುಗಿಯುತ್ತಿತ್ತು. ವ್ಯಾಪಾರಿಯ ಅಳಿಯ ಹಾಗೆಯೇ ಹೇಳಬೇಕು. ಈ ಶತಮೂರ್ಖ, ನೀರು ತಾನು ಹಾಕಿದ್ದಲ್ಲ, ತನ್ನ ನೆಲಕ್ಕೆ ನೀರು ಬೇಡವೆಂಬ ಸೊಕ್ಕಿನಲ್ಲಿದ್ದವನು ತಾನು, ವಾರದಿಂದ ಸದ್ದು ಕೆಟ್ಟಿದ್ದು ಇದಕ್ಕೇ ಇರಬೇಕು, ಈಗಲೇ ತಿಳಿಯಿತು ಎಂದು ಎಲ್ಲವನ್ನೂ ಒದರಿದ. ಹಾಗಾದರೆ ಹಾಕಿದವರು ಯಾರು ಎಂದು ಪಾರಸಿ ಕೇಳಿದ. ಉಮಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು, ನಮ್ಮ ಮನೆಯಲ್ಲಿ ಪೂಜೆಯ ನೀರು ಅಲ್ಲಿ ಚೆಲ್ಲುವ ವಾಡಿಕೆಯಿದೆ, ಅವ್ವ ದಿನಾಲು ಹಾಕುತ್ತಾಳೆ ಎಂದೆ. ಕಲ್ಲಣ್ಣ ನನ್ನನ್ನು ನೋಡಿದ. ಅವ್ವ ತಡವಳದಲ್ಲಿದ್ದಾಳೆ ಎಂದು ಅವನಿಗೆ ಗೊತ್ತು. ನಾನು ಸೊಂಟದ ಮೇಲಿನ ಕೈ ತೆಗೆದು ಮಲ್ಲಿಗೆಯ ಗಿಡ ನೋಡತೊಡಗಿದೆ.

ಹೋಗುವಾಗ ಪಾರಸಿ ನನಗೆ ಹೇಳಿದ, ತಪ್ಪು ಎಲ್ಲಿತ್ತೆಂದು ತಾನಾಗಿಯೇ ಹೇಳುವ ಹುಡುಗರು ಯಂತ್ರದ ಮನೆಗೆ ಬೇಕು, ಮುಚ್ಚಿಡುವವರು ಒಂದು ದಿನ ಎಲ್ಲವನ್ನೂ ಸುಡುತ್ತಾರೆ ಎಂದು. ವ್ಯಾಪಾರ ಗೊತ್ತಿಲ್ಲದ ಜನ.

೩೦ ಏಪ್ರಿಲ್, ಶನಿವಾರ

ಬಸವ ಜಯಂತಿ ಸೋಮವಾರ. ಕಾಗದ ಇವತ್ತು ಬಂದಿತು. ಇಂಜಿನಿಯರ್ ಎಂದೇನೂ ಕರೆದಿಲ್ಲ. ಮೊದಲು ಯಂತ್ರದ ಮನೆಯಲ್ಲಿ ಮೆಕ್ಯಾನಿಕ್, ಒರೆಸುವುದು, ಎಣ್ಣೆ ಬಿಡುವುದು, ಮುಳ್ಳು ನೋಡುವುದು. ಪರೀಕ್ಷೆ ಪಾಸಾದರೆ ಒಂದೊಂದೇ ಮೆಟ್ಟಿಲು. ಸಂಬಳ ನನ್ನ ಗುಮಾಸ್ತನಿಗಿಂತ ಕಡಿಮೆ.

ಕರಾರು ಕರಾರೇ. ಹೋಗಲಿ, ಒಬ್ಬನೇ ಹೋಗಲಿ ಎಂದು ಊಟದ ಹೊತ್ತಿನಲ್ಲಿ ಹೇಳಿದೆ. ಕಲ್ಲಣ್ಣ ತಲೆ ತಗ್ಗಿಸಿದ, ವಾದಿಸಲಿಲ್ಲ. ಲೀಲಾ ಬಡಿಸುತ್ತಿದ್ದಳು. ಹುಟ್ಟಿದಾಗಿನಿಂದ ನನಗೆ ಎದುರು ಮಾತಾಡದವಳು, ಖಾರದ ಹಿಂಡಿಯ ಬಟ್ಟಲು ಕೆಳಗಿಟ್ಟಳು.

“ಹಂಗಾದ್ರ ನೀರು ಯಾಕ ಹಾಕಿದಿ ಅಪ್ಪಾ?”

ಉಮಾಬಾಯಿ ಹೇಳಿಬಿಟ್ಟಿದ್ದಾಳೆ. ಪದ್ಧತಿ ಎಂದು ಹೇಳಬೇಕೆಂದಿದ್ದೆ. ಉಪ್ಪು ಹೆಚ್ಚಾಗಿದೆ ಎಂದು ಬೈದು ಕೈ ತೊಳೆದುಕೊಂಡು ಎದ್ದೆ.

೧ ಮೇ, ರವಿವಾರ

ಅಯ್ಯನವರು ನೋಡಿಟ್ಟ ಮುಹೂರ್ತ ಹಾಳುಮಾಡುವುದು ಒಳ್ಳೆಯದಲ್ಲ. ಅಕ್ಕನಿಗೆ ತಡವಳಕ್ಕೆ ಆಳು ಕಳಿಸಿದೆ.

೧೯ ಜೂನ್, ರವಿವಾರ

ಲಗ್ನವಾಗಿ ವಾರವಾಯಿತು. ಚಪ್ಪರದಲ್ಲಿ ಜಮಖಾನೆ ಹಾಸುವವರು ಮೂಲೆಗಳಲ್ಲಿ ಸುಕ್ಕು ಬಿಟ್ಟಿದ್ದರು. ನಾನೇ ನಿಂತು ಎರಡು ಸಲ ಎತ್ತಿಸಿ ಹಾಸಿಸಿದೆ. ಜನ ಅದನ್ನು ಒಂದು ಕೆಲಸವೆಂದೇ ತಿಳಿಯುವುದಿಲ್ಲ.

ಇವತ್ತು ಮುಂಬೈ ಗಾಡಿಗೆ ಇಬ್ಬರನ್ನೂ ಹತ್ತಿಸಿ ಬಂದೆವು. ಲೀಲಾ ಅತ್ತಳು, ಉಮಾಬಾಯಿ ಅತ್ತಳು, ಅವ್ವ ಗಾಡಿಗೆ ಕೈ ಮುಗಿದಳು. ಕಲ್ಲಣ್ಣ ನನ್ನ ಕಾಲು ಮುಟ್ಟಿದ. ಹೊಸ ಧೋತರ ಉಟ್ಟಿದ್ದ, ಆಗಲೇ ಒಂದು ತೂತು. ನನಗೆ ಎದೆಯೊಳಗೆ ಬಹಳ ಸಂಕಟವಾಯಿತು. ಅದನ್ನು ಇಲ್ಲಿ ಬರೆದು ಇಡುತ್ತೇನೆ, ಗುಮಾಸ್ತನಿಗೆ ಕನ್ನಡ ಬರುವುದಿಲ್ಲ.

ಪೆಟ್ಟಿಗೆಯನ್ನು ಒಯ್ಯಲಿಲ್ಲ. ಅಲ್ಲಿ ಅದಕ್ಕಿಂತ ದೊಡ್ಡವಿವೆಯಂತೆ.

೧ ಆಗಸ್ಟ್ ೧೯೩೮, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಪೇಢಿಗೆ ಮುನಿಸಿಪಾಲಿಟಿ ಸಾಲಿಯ ಒಬ್ಬ ಮಾಸ್ತರನ ಮಗನನ್ನು ಹಚ್ಚಿಕೊಂಡಿದ್ದೇನೆ. ದರ ಬಾಯಲ್ಲಿ ನಿಲ್ಲುವುದಿಲ್ಲ, ದಡ್ಡ.

ಬ್ಯಾಟರಿ ಇಳಿದಿತ್ತು. ಬೆಳಿಗ್ಗೆ ಗ್ಯಾರೇಜಿಗೆ ಒಯ್ದು ತುಂಬಿಸಿಕೊಂಡು ಬಂದೆ. ಹಮಾಲರ ಕೈಯಲ್ಲಿ ಕೊಟ್ಟರೆ ಕುಲುಕುತ್ತಾರೆ, ಆ್ಯಸಿಡ್ಡು ಚೆಲ್ಲುತ್ತದೆ. ಬಜಾರಿನಲ್ಲಿ ಜನ ನೋಡಿದರು. ನೋಡಲಿ, ಕಣ್ಣಿರುವುದು ಅದಕ್ಕೇ. ನನ್ನ ಧೋತರದ ಅಂಚಿನಲ್ಲಿ ಸಣ್ಣ ತೂತು ಬಿದ್ದಿದೆ.

ಕಲ್ಲಣ್ಣನ ಕಾಗದ ಶನಿವಾರ ಬಂದಿತ್ತು. ಈ ಸೋಮವಾರದಿಂದ ಸಂಜೆಯ ಪಾಳಿ ಅವನದು. ಕಾರ್ಯಕ್ರಮಕ್ಕೆ ಮೊದಲು ಯಂತ್ರ ಎಬ್ಬಿಸಿ ಅಲೆಯನ್ನು ಬಿಡುವವನು ಅವನೇ. ಹಿರಿಯರೊಬ್ಬರು ಹಿಂದೆ ನಿಂತಿರುತ್ತಾರೆ, ಆದರೆ ಕೈ ಅವನದು. ಆ ಹೊತ್ತಿಗೆ ಲೀಲಾ ತಮ್ಮ ಬಾಡಿಗೆ ಕೋಲಿಯಲ್ಲಿ ಗಡಿಯಾರ ನೋಡುತ್ತ ಕೂತಿರುತ್ತಾಳಂತೆ.

ಸಂಜೆ ಅವ್ವ ಪೂಜೆ ಮುಗಿಸಿ ನಾಲ್ಕು ಕಲ್ಲಿನ ನಡುವೆ ನೀರು ಹಾಕಿ ಬಂದಳು. ಮಳೆ ಬಿದ್ದು ನೆಲ ಹಸಿಯೇ ಇದೆ, ಆದರೂ ಹಾಕಿದಳು. ನಾನು ಕಾರ್ಯಕ್ರಮಕ್ಕಿಂತ ಬಹಳ ಮೊದಲೇ ಪೆಟ್ಟಿಗೆ ಹಚ್ಚಿ ಕುರ್ಚಿಯಲ್ಲಿ ಕೂತೆ. ಸರ್ ಎಂದು ಜೋಳ ಹಸನು ಮಾಡುವ ಸಪ್ಪಳ. ಉಮಾಬಾಯಿ ಏನೋ ಕೇಳಲು ಬಂದಳು, ಕೈ ಮಾಡಿ ಸುಮ್ಮನಿರಲು ಹೇಳಿದೆ. ಆಕೆ ನನ್ನ ಹತ್ತಿರ ಕೂತಳು. ಅವ್ವನೂ ಗೋಡೆ ಹಿಡಿದು ಬಂದು ಕೂತಳು.

ಆಮೇಲೆ ಸಪ್ಪಳ ತಗ್ಗಿತು. ಯಾರೋ ಹೊರಗಿನ ಬಾಗಿಲು ಮುಂದೆ ಎಳೆದು ಮುಚ್ಚಿದ ಹಾಗೆ, ಒಮ್ಮೆಲೆ. ಮಾತಿಲ್ಲ, ಹಾಡಿಲ್ಲ, ಒಂದು ಸುಕ್ಕೂ ಇಲ್ಲ.

“ಹಾಸಿದಾ,” ಎಂದೆ.

ಮೂವರೂ ಅದನ್ನು ಕೇಳುತ್ತ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಯಾರೋ ನಮಸ್ಕಾರ ಹೇಳಿದರು, ತಂಬೂರಿ ಶುರುವಾಯಿತು. ನಾನು ಎದ್ದು ಪೆಟ್ಟಿಗೆ ಬಂದ್ ಮಾಡಿದೆ. ಹಾಡು ಈಗಷ್ಟೇ ಶುರುವಾಯಿತಲ್ಲ, ಬಂದ್ ಯಾಕೆ ಮಾಡಿದಿರಿ ಎಂದು ಉಮಾಬಾಯಿ ಕೇಳಿದಳು. ಸುಮ್ಮನೆ ಬ್ಯಾಟರಿ ಖರ್ಚಾಗುತ್ತದೆ ಎಂದೆ.